ತವರೂರಿನ ಲಾಡ್ಜು

ಮೊನ್ನೆ ಬೆಳಿಗ್ಗೆ ನನ್ನ ಉಣ್ಣೆಯ ಟೊಪ್ಪಿಗೆ ಹುಡುಕುತ್ತಿದ್ದೆ. ಗಂಡಸಿನ ವಸ್ತು ಗಂಡಸು ಇಟ್ಟಲ್ಲಿ ಇರುವುದಿಲ್ಲ ಎಂಬುದು ಸಂಸಾರಸ್ಥರಿಗೆಲ್ಲ ಗೊತ್ತಿರುವ ವಿಷಯ. ಹಾಗಾಗಿ ಹೆಂಡತಿಯ ಕಪಾಟಿಗೆ ಕೈ ಹಾಕಿದೆ. ಟೊಪ್ಪಿಗೆ ಸಿಗಲಿಲ್ಲ. ರೇಷ್ಮೆ ಸೀರೆಗಳ ಮಡಿಕೆಯ ನಡುವೆ ಗಟ್ಟಿಯಾದದ್ದೇನೋ ಬೆರಳಿಗೆ ತಾಗಿತು. ತೆಗೆದು ನೋಡಿದರೆ ಒಂದು ಸಾಬೂನು, ಬಿಸ್ಕೀಟಿಗಿಂತ ಚಿಕ್ಕದು. ಹೊದಿಕೆ ಕೂಡ ಬಿಚ್ಚಿರಲಿಲ್ಲ. ಲಾಡ್ಜುಗಳಲ್ಲಿ ಕೊಡುತ್ತಾರಲ್ಲ, ಮೊದಲನೆಯ ಸ್ನಾನಕ್ಕೆ ಅರ್ಧ ಕರಗಿ ಎರಡನೆಯ ಸ್ನಾನಕ್ಕೆ ಕೈಜಾರಿ ಮೋರಿ ಸೇರುವ ಸಾಬೂನು, ಅಂಥದು. ಮೂಸಿದೆ. ತಾನು ಮಲ್ಲಿಗೆಯೆಂದು ಹೇಳಿಕೊಳ್ಳುವ, ಆದರೆ ಮಲ್ಲಿಗೆಗೆ ದೂರದ ಬಳಗವೂ ಅಲ್ಲದ ಒಂದು ವಾಸನೆ. ಆ ವಾಸನೆಯಲ್ಲೇ ಕಪಾಟಿನ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ.

ಅಡುಗೆಮನೆಯಿಂದ ನಲಿನಿ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಸದ್ದು ನಿಂತಿತು. "ಏನ್ ಹುಡುಕಾಕತ್ತೀರಿ ಅಲ್ಲಿ?" ಅಂದಳು. "ಏನಿಲ್ಲ" ಅಂದೆ. ಸಾಬೂನನ್ನು ಇದ್ದ ಜಾಗದಲ್ಲೇ ಇಟ್ಟು ಮಡಿಕೆ ಸರಿಮಾಡಿ ಬಾಗಿಲು ಹಾಕಿದೆ. ಟೊಪ್ಪಿಗೆ ಇಲ್ಲದೆಯೇ ಶಾಲೆಗೆ ಹೋದೆ. ದಿನವಿಡೀ ಕಿವಿ ತಣ್ಣಗಿದ್ದರೂ ಒಳಗೆಲ್ಲೋ ಬೆಚ್ಚಗಿತ್ತು.

ಆ ಸಾಬೂನಿನ ಕಥೆ ನಿಮಗೆ ಹೇಳಿಬಿಡುತ್ತೇನೆ. ಆದರೆ ಕಲಬುರಗಿಯಲ್ಲಿರುವ ನಮ್ಮ ಬಳಗದವರ ಕಿವಿಗೆ ಮಾತ್ರ ಹಾಕಬೇಡಿ.

ನಾನು ಕಮಲಾಪುರದವನು, ಇಲ್ಲಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಊರಿನ ಹೆಸರು ಹೇಳಿದರೆ ಸಾಕು, ಜನ ನನ್ನ ಮುಖ ಬಿಟ್ಟು ಕೈಚೀಲ ನೋಡುತ್ತಾರೆ. ಕಮಲಾಪುರವೆಂದರೆ ಕೆಂಬಾಳೆ. ನಮ್ಮೂರವರು ಕೆಂಪು ಬಾಳೆಹಣ್ಣಿಲ್ಲದೆ ಪರಸ್ಥಳಕ್ಕೆ ಹೋದರೆ ಜ್ವರ ಬಂದಿದೆಯೇನೋ ಎಂದು ವಿಚಾರಿಸುವವರಿದ್ದಾರೆ. ನಾನು ಚಿಕ್ಕವನಿದ್ದಾಗ ಅಪ್ಪನ ಜೊತೆ ಗುಲ್ಬರ್ಗಾಕ್ಕೆ ಹೋಗುತ್ತಿದ್ದೆ. ಆಗ ಕಲಬುರಗಿಗೆ ಎಲ್ಲರೂ ಹಾಗೇ ಅನ್ನುತ್ತಿದ್ದರು. ಅಪ್ಪ ಹಳೆಯ ಧೋತರದ ತುಂಡಿನಲ್ಲಿ ಹಣ್ಣಿನ ಚಿಪ್ಪು ಕಟ್ಟಿ ನನ್ನ ಪಕ್ಕದಲ್ಲಿ ಕೂಡ್ರಿಸುತ್ತಿದ್ದರು, ನನ್ನ ತಮ್ಮನೋ ಎಂಬಂತೆ. ಬಸ್ಸು ಅಲುಗುತ್ತಿತ್ತು, ಕಿಟಕಿಯಿಂದ ತೊಗರಿ ಹೊಲದ ಗಾಳಿ ಬರುತ್ತಿತ್ತು, ನನಗೆ ತೂಕಡಿಕೆ. ಆ ಗಂಟಿನ ಮೇಲೆ ತಲೆಯಿಟ್ಟರೆ ಕನಸುಗಳೆಲ್ಲ ಸಿಹಿ ಸಿಹಿ ವಾಸನೆಯವು. ಜಜ್ಜಿಹೋದ ಹಣ್ಣನ್ನು ಯಾರ ಮನೆಗೂ ಕೊಡುವಂತಿಲ್ಲವಾದ್ದರಿಂದ ಅದು ನನ್ನ ಪಾಲು. ಹಾಗಾಗಿ ನಾನು ಸ್ವಲ್ಪ ಜೋರಾಗಿಯೇ ಒರಗುತ್ತಿದ್ದೆ.

ಅಪ್ಪ ಊರಿನ ಹನುಮಪ್ಪನ ಗುಡಿಯ ಪೂಜೆ ಮಾಡುತ್ತಿದ್ದರು. ಅವ್ವನಿಗೆ ಏನಾದರೂ ತಂದರೆ ಕೈಗೆ ಕೊಟ್ಟವರೇ ಅಲ್ಲ. ಗೋಡೆಯ ಮಾಡದ ಗೂಡಿನಲ್ಲಿ ಇಟ್ಟು, ಪಂಚಾಂಗ ಹಿಡಿದು ಕೂತು, ಎಷ್ಟೋ ಹೊತ್ತಿನ ಮೇಲೆ "ಅಲ್ಲೇನೋ ಬಿದ್ದದ ನೋಡು" ಅನ್ನುತ್ತಿದ್ದರು. ಅಲ್ಲಿ ಬಿದ್ದಿರುತ್ತಿದ್ದದ್ದು ಒಮ್ಮೆ ಹಸಿರು ಬಳೆ, ಒಮ್ಮೆ ಒಂದು ಬಾಚಣಿಗೆ. ಅವ್ವ ಅದನ್ನು ಕೂಡಲೇ ಮುಟ್ಟುತ್ತಿರಲಿಲ್ಲ. ಎರಡು ದಿನ ಬಿಟ್ಟು ಬಳೆ ತೊಟ್ಟು ಊಟಕ್ಕೆ ಬಡಿಸಲು ಬಂದಾಗ ಅಪ್ಪ ತೊಲೆ ನೋಡುತ್ತಿದ್ದರು. ಇನ್ನು ಅವ್ವನನ್ನು ಅವರು ಊರು ಬಿಟ್ಟು ಕರೆದುಕೊಂಡು ಹೋದದ್ದೆಂದರೆ ಒಂದೋ ದೇವರಿರುವ ಊರಿಗೆ, ಇಲ್ಲವೇ ಸೂತಕವಿರುವ ಊರಿಗೆ. ಇಂಥ ಮನೆಯಲ್ಲಿ ಬೆಳೆದ ನಾನು ಹೆಂಡತಿಗೆ ಹೇಳದೆ ಕೇಳದೆ ಎರಡು ದಿನದ ಪ್ರವಾಸ ಉಡುಗೊರೆ ಕೊಡಲು ಹೊರಟದ್ದು ಈಜು ಬಾರದವನು ಬಾವಿಗೆ ಹಾರಿದ ಹಾಗೆಯೇ.

ಆ ಹುಚ್ಚು ನನ್ನ ತಲೆ ಹೊಕ್ಕದ್ದು ಕಪನೂರದಲ್ಲಿ.

ನಲಿನಿಯ ತವರು ಕಲಬುರಗಿ. ಶರಣಬಸವೇಶ್ವರರ ಗುಡಿ ಇದೆಯಲ್ಲ, ಊರವರು ಅಪ್ಪನ ಗುಡಿ ಅನ್ನುತ್ತಾರೆ, ಅದರ ಹಿಂದಿನ ಒಂದು ಓಣಿಯಲ್ಲಿ ಅವರ ಮನೆ. ಅವಳ ತಾಯಿಯನ್ನು ಮನೆಯಲ್ಲೆಲ್ಲ ಆಯಿ ಎನ್ನುತ್ತಿದ್ದರು. ಆ ಮನೆಯಲ್ಲಿ ದೇವರ ಮುಂದೆ ಕನ್ನಡ, ಒಲೆಯ ಮುಂದೆ ಮರಾಠಿ. ಮದುವೆಯಾದ ಹೊಸತರಲ್ಲಿ ನಾವು ಬಸ್ಸಿನಲ್ಲಿ ಹೋಗುವಾಗ ಊರಿನ ಅಂಚಿನ ಕಪನೂರ ಬರುತ್ತಿತ್ತು. ಸಣ್ಣ ಸಣ್ಣ ಕಾರ್ಖಾನೆ, ಬೇಳೆ ಗಿರಣಿ, ವೆಲ್ಡಿಂಗಿನ ಕಿಡಿ, ನೋಡಲು ಅಂಥದೇನೂ ಇಲ್ಲ. ಆದರೆ ಕಪನೂರ ಬಂದ ಕೂಡಲೇ ನಲಿನಿ ನೆಟ್ಟಗೆ ಕೂತು ಕೂದಲು ಸರಿಮಾಡಿಕೊಳ್ಳುತ್ತಿದ್ದಳು. ತಿರುಗಿ ಬರುವಾಗ ಅದೇ ಕಪನೂರ ದಾಟುವ ತನಕ ಕಿಟಕಿಯ ಕಡೆ ಮುಖ. ಆಗ ಅವಳನ್ನು ಮಾತಾಡಿಸಬಾರದು ಎಂಬುದನ್ನು ನಾನು ಬೇಗ ಕಲಿತೆ. ಕಪನೂರ ದಾಟಿದ ಮೇಲೆ ಒಮ್ಮೆ ಮೂಗು ಸೇದಿ "ಮನ್ಯಾಗ ಹಾಲ ಅದಾವೋ ಇಲ್ಲೋ" ಅನ್ನುತ್ತಿದ್ದಳು. ಅಂದರೆ ಅವಳು ಕಮಲಾಪುರದವಳಾದಳು ಎಂದರ್ಥ.

ಆಮೇಲೆ ಮಾವ ಹೋದರು, ಕೆಲವು ವರ್ಷಕ್ಕೆ ಆಯಿಯೂ ಹೋದರು. ನಲಿನಿಯ ಅಣ್ಣ ನೌಕರಿಯ ನಿಮಿತ್ತ ಸೋಲಾಪುರ ಸೇರಿ ಅಲ್ಲೇ ನೆಲೆಯಾದ. ಮನೆ ಕೈಬಿಟ್ಟಿತು. ಇದರಲ್ಲಿ ಯಾರ ತಪ್ಪೂ ಇಲ್ಲ. ಅಣ್ಣ ಕರೆಯುತ್ತಾನೆ, ಅತ್ತಿಗೆ ಒಳ್ಳೆಯವಳು, ಆದರೆ ಸೋಲಾಪುರದ್ದು ಅಣ್ಣನ ಮನೆ, ತವರಲ್ಲ. ಕಲಬುರಗಿ ಈಗ ನಮಗೆ ಬೆಳಿಗ್ಗೆ ಹೋಗಿ ಸಂಜೆಯ ಬಸ್ಸಿಗೆ ಬರುವ ಊರು. ಕಣ್ಣಿನ ಡಾಕ್ಟರು, ಮಿಕ್ಸರಿನ ಜಾರು, ಮಗಳ ಬಾಣಂತನದ ಬೆಲ್ಲ. ಕೆಲಸ ಮುಗಿಯಿತು, ಬಸ್ ಹತ್ತು.

ಹಾಗೊಂದು ದಿನ ಸಂಜೆಯ ಬಸ್ಸಿನಲ್ಲಿ ಕಪನೂರದ ಬಳಿ ನಲಿನಿ ಕಿಟಕಿಯ ಕಡೆ ಮುಖ ಮಾಡಿಯೇ ಇದ್ದು, ಯಾರಿಗೋ ಹೇಳುವಂತೆ ಹೇಳಿದಳು: "ನಮ್ಮೂರಾಗ ದೀಪ ಹತ್ತೂದು ನೋಡಿ ಭಾಳ ದಿನ ಆತ್ರೀ. ಬೆಳಗಾಗೂದು ನೋಡಿ ಇನ್ನೂ ಭಾಳ ಆತು."

ಹಿಂದೆ ಊರಿನ ದೀಪಗಳು ಒಂದೊಂದೇ ಹತ್ತುತ್ತಿದ್ದವು, ನಾವು ಅವಕ್ಕೆ ಬೆನ್ನು ಮಾಡಿ ಹೋಗುತ್ತಿದ್ದೆವು.

ನಮ್ಮ ಮಗಳು ಹುಬ್ಬಳ್ಳಿಯಲ್ಲಿದ್ದಾಳೆ. ಫೋನಿನಲ್ಲಿ ಅವಳ ಸಲಹೆ ಕೇಳಿದೆ. "ಅವ್ವಗ ಹೇಳಬ್ಯಾಡ. ಸುಮ್ನ ಎರಡ ದಿನ ಒಂದು ಊರಿಗೆ ಕರಕೊಂಡು ಹೋಗಬೇಕು ಅಂದೀನಿ" ಅಂದೆ. ಅವಳಿಗೆ ಆನಂದವೋ ಆನಂದ. ಹೈದರಾಬಾದ್ ಅಂದಳು, ಗೋವಾ ಅಂದಳು, ಸಮುದ್ರದ ಕಡೆ ಮುಖವಿರುವ ಕೋಣೆ ತಾನೇ ಬುಕ್ ಮಾಡುತ್ತೇನೆ ಅಂದಳು. ನಾನು ಕಲಬುರಗಿ ಅಂದೆ.

"ಅಪ್ಪಾ, ಕಲಬುರಗಿ ದವಾಖಾನಿಗೆ ಹೋಗೂ ಊರು" ಅಂದಳು. "ಅಲ್ಲೇನ್ ನೋಡ್ತೀರಿ?"

"ದೀಪ ಹತ್ತೂದು ನೋಡ್ತೀವಿ" ಅಂದೆ. ಅಪ್ಪನಿಗೆ ವಯಸ್ಸಾಯಿತು ಎಂದುಕೊಂಡಿರಬೇಕು.

ಈಗ ನಿಮಗೆ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಬಳಗವಿರುವ ಊರಿನಲ್ಲಿ ಲಾಡ್ಜಿನಲ್ಲಿ ಇಳಿಯುವಂತಿಲ್ಲ. ಲಾಡ್ಜಿರುವುದು ಔಷಧಿ ಕಂಪನಿಯವರಿಗೆ, ಕೋರ್ಟಿನ ತಾರೀಕಿದ್ದವರಿಗೆ, ರೋಜಾ ದರ್ಗಾದ ಉರುಸಿಗೆ ದೂರದಿಂದ ಬರುವವರಿಗೆ. ನಲಿನಿಯ ಕಾಕಾನ ಮಕ್ಕಳು ಇನ್ನೂ ಕಲಬುರಗಿಯಲ್ಲೇ ಇದ್ದಾರೆ. ಅವರ ಮನೆ ಬಿಟ್ಟು ಲಾಡ್ಜಿಗೆ ಹೋದದ್ದು ಗೊತ್ತಾದರೆ "ನಾವೇನು ಸತ್ತಿದ್ದಿವಾ?" ಎಂಬ ಮಾತು ಬರುತ್ತದೆ, ಆ ಮಾತು ಮುಂದಿನ ತಲೆಮಾರಿನ ಮುಂಜಿಯ ತನಕ ಬಾಳುತ್ತದೆ. ಅವರ ಮನೆಗೇ ಹೋದರೆ ಆಗುವುದೇ ಬೇರೆ. ನಲಿನಿ ಅಡುಗೆಮನೆ ಸೇರುತ್ತಾಳೆ, ನಾನು ಪಡಸಾಲೆಯಲ್ಲಿ ರಾಜಕಾರಣ ಕೇಳುತ್ತೇನೆ, ದೀಪ ಯಾವಾಗ ಹತ್ತಿತೆಂದು ಇಬ್ಬರಿಗೂ ತಿಳಿಯುವುದಿಲ್ಲ. ಆದ್ದರಿಂದ ಲಾಡ್ಜೇ ಸರಿ ಎಂದು ಒಬ್ಬನೇ ಠರಾವು ಮಾಡಿದೆ. ಹೆಂಡತಿಗೂ ಹೇಳಬಾರದು, ಬಳಗಕ್ಕೂ ತಿಳಿಯಬಾರದು. ಅಪ್ಪನ ಗುಡಿಗೆ ನಡೆದುಹೋಗುವಷ್ಟು ದೂರದ ಒಂದು ಲಾಡ್ಜಿನಲ್ಲಿ ಶನಿವಾರಕ್ಕೆ ಕೋಣೆ ಹಿಡಿದೆ.

ಉಳಿದದ್ದು ಒಂದೇ, ನಲಿನಿ ಚೀಲ ಕಟ್ಟಬೇಕಲ್ಲ. ಒಂದು ಸುಳ್ಳು ಬೇಕಾಯಿತು. ಮದುವೆ ಅದ ಅಂದೆ. ಮಾಘಮಾಸ, ದಿನಕ್ಕೆ ನಾಲ್ಕು ಮದುವೆ, ಯಾರಿಗೆ ಸಂಶಯ?

"ಯಾರದ್ರೀ?"

"ನಮ್ಮ ಜೊತಿಗೆ ಟ್ರೇನಿಂಗಿಗಿದ್ದ ಒಬ್ಬ ಮಾಸ್ತರ ಮಗಳದು."

"ಪತ್ರಿಕಿ ಎಲ್ಲಿ?"

"ಮೊಬೈಲಿಗೆ ಬಂದಿತ್ತು. ಅಳಿಸಿಹೋತು."

ಗಣಿತದಲ್ಲಿ ಒಂದು ಹೆಜ್ಜೆ ತಪ್ಪಿದರೆ ಮುಂದಿನದೆಲ್ಲ ತಪ್ಪು ಎಂದು ಮಕ್ಕಳಿಗೆ ದಿನಾ ಹೇಳುವವನು ನಾನು. ಈ ಸುಳ್ಳಿನ ಮುಂದಿನ ಹೆಜ್ಜೆ ನನಗೆ ಹೊಳೆದಿರಲಿಲ್ಲ. ಶುಕ್ರವಾರ ಸಂಜೆ ಮನೆಗೆ ಬಂದರೆ ನಲಿನಿ ಮಾಡದಲ್ಲಿ ಕುಪ್ಪಸದ ಒಂದು ಹೊಸ ಖಣ, ತೆಂಗಿನಕಾಯಿ, ಸಣ್ಣ ಚೀಲದಲ್ಲಿ ಅಕ್ಕಿ, ಅರಿಶಿನ ಕುಂಕುಮ, ಎಲ್ಲ ಜೋಡಿಸುತ್ತಿದ್ದಾಳೆ. "ಮದುವಿಗೆ ಹೋದಮ್ಯಾಲ ಹುಡುಗಿಗೆ ಉಡಿ ತುಂಬಬೇಕಲ್ಲರೀ" ಅಂದಳು. "ಪಾಪ, ಮಾಸ್ತರ ಮಗಳು." ಇಲ್ಲದ ಹುಡುಗಿಗೆ ಅವಳು ಆರಿಸಿದ ಖಣದ ಅಂಚು ಬಹಳ ಚೆನ್ನಾಗಿತ್ತು. ಗಾಬರಿಯಲ್ಲಿ, ಹುಟ್ಟಿದೂರಿನ ಚಾಳಿಗೆ ಕಟ್ಟುಬಿದ್ದು ಪೇಟೆಗೆ ಹೋಗಿ ಕೆಂಬಾಳೆಯ ಎರಡು ದೊಡ್ಡ ಚಿಪ್ಪು ತಂದೆ. ಯಾರಿಗೆಂದು ಕೇಳಿದ್ದರೆ ಉತ್ತರವಿರಲಿಲ್ಲ. ನಲಿನಿ ಕೇಳಲೇ ಇಲ್ಲ. ನಮ್ಮೂರಲ್ಲಿ ಅದನ್ನು ಯಾರೂ ಕೇಳುವುದಿಲ್ಲ.

ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಬಸ್ ಹತ್ತಿದೆವು. ನಲಿನಿ ಬದನೆಹೂವಿನ ಬಣ್ಣದ ರೇಷ್ಮೆ ಸೀರೆ ಉಟ್ಟಿದ್ದಳು. ಹಣ್ಣಿನ ಗಂಟು ನನ್ನ ತೊಡೆಯ ಮೇಲೆ. ಬಿಸಿಲು ಕಿಟಕಿಯಿಂದ ಬಂದು ಅವಳ ಸೆರಗಿನ ಮೇಲೆ ಕೂತು ತೂಕಡಿಸುತ್ತಿತ್ತು, ನಾನೂ ತೂಕಡಿಸಿದೆ. ಕಣ್ಣು ಬಿಟ್ಟಾಗ ಕಪನೂರ. ಅವಳು ನೆಟ್ಟಗೆ ಕೂತು ಕೂದಲು ಸರಿಮಾಡಿಕೊಳ್ಳುತ್ತಿದ್ದಳು. ಎಷ್ಟು ವರ್ಷದ ಮೇಲೆ! ನನಗೆ ಆ ಕ್ಷಣಕ್ಕೆ ನಾನೇ ಬಹಳ ಜಾಣನೆನಿಸಿತು.

ಆಟೋ ಲಾಡ್ಜಿನ ಮುಂದೆ ನಿಂತಿತು. "ಇಲ್ಲೇನ್ ಮದುವಿ?" ಅಂದಳು. "ಬಾ" ಅಂದೆ. ಕೆಳಗೆ ಕೂತಿದ್ದ ಮ್ಯಾನೇಜರು, ಗಡ್ಡಕ್ಕೆ ಮೆಹೆಂದಿ ಹಚ್ಚಿದ ಹಿರಿಯರು, ಗಂಟಿನ ಕಡೆ ಮೂಗು ಎತ್ತಿ "ಕಮಲಾಪುರದವ್ರೇನ್ರಿ ಸಾಬ್? ಖುಷ್ಬೂನೇ ಹೇಳ್ತದ" ಎಂದು ನಕ್ಕರು. ಕೀಲಿ ತಗೊಂಡು ಮೂರನೆಯ ಮಹಡಿಗೆ ಹೋದೆವು. ಬಾಗಿಲು ತೆಗೆದೆ. ಎರಡು ದಿಂಬು, ಒಂದು ಕಿಟಕಿ, ಮೇಜಿನ ಮೇಲೆ ಬಿಳಿ ಟವೆಲ್ಲು, ಅದರ ಮೇಲೆ ಆ ಸಾಬೂನು. ನಾನು ಅಪ್ಪನಂತೆ ಗೋಡೆಯ ಕಡೆ ನೋಡುತ್ತಾ ಹೇಳಿದೆ: "ಮದುವಿ ಗಿದುವಿ ಏನಿಲ್ಲ. ನಾಳಿ ತನ ಇಲ್ಲೇ ಇರತೀವಿ. ನಿನಗಂತ."

ನಲಿನಿ ಉಡಿಯ ಸಾಮಾನಿನ ಚೀಲ ಹಿಡಿದು ನಿಂತೇ ಇದ್ದಳು. ಮುಖ ನೋಡಿದೆ. ಸಂತೋಷ ಕಾಣಲಿಲ್ಲ. ಮೆಲ್ಲಗೆ ಮಂಚದ ಅಂಚಿಗೆ ಕೂತಳು. ತಮ್ಮದಲ್ಲದ ಜಾಗದಲ್ಲಿ ಕೂತವರ ಹಾಗೆ, ಅರ್ಧವೇ ಕೂತಳು.

"ನಮ್ಮೂರಾಗ ನನಗ ಲಾಡ್ಜೇನ್ರೀ?" ಅಂದಳು.

ಆ ದನಿಯಲ್ಲಿ ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು. ಅದು ಇರಲಿಲ್ಲ. ಕಣ್ಣು ತುಂಬಿ ಬಂದವು, ಆ ಕಡೆ ತಿರುಗಿದಳು. ತವರು ಮುಗಿಯಿತು ಎಂಬುದನ್ನು ಇಷ್ಟು ವರ್ಷ ಯಾರೂ ಅವಳ ಮುಖಕ್ಕೆ ಹೇಳಿರಲಿಲ್ಲ. ನಾನು ಕೋಣೆ ಬುಕ್ ಮಾಡಿ, ಕೀಲಿ ತೆಗೆದು, ಟವೆಲ್ಲು ಸಮೇತ ಹೇಳಿಬಿಟ್ಟಿದ್ದೆ. "ನಡಿ, ಸಂಜಿ ಬಸ್ಸಿಗೆ ಹೋಗಿಬಿಡೂಣು" ಅಂದೆ. ಗಂಟಿನಿಂದ ಹಣ್ಣಿನ ವಾಸನೆ ಎದ್ದು ಕೋಣೆ ತುಂಬುತ್ತಿತ್ತು, ಅದಕ್ಕೊಂದು ಸಮಯ ಸಂದರ್ಭ ತಿಳಿಯುವುದಿಲ್ಲ.

ಎಷ್ಟೋ ಹೊತ್ತಿನ ಮೇಲೆ ಗಾಳಿಗೆಂದು ಅವಳು ಕಿಟಕಿ ತೆಗೆದಳು. ತೆಗೆದವಳು ಅಲ್ಲೇ ನಿಂತಳು.

"ಏನ್ರೀ, ಇಲ್ಲಿ ಬರ್ರಿ" ಅಂದಳು.

ಹೋದೆ. ಮಾಳಿಗೆಗಳ ಆಚೆ ಅಪ್ಪನ ಗುಡಿಯ ಶಿಖರ, ಅದರ ಪಕ್ಕಕ್ಕೆ ಕೆರೆಯ ಒಂದು ತುಂಡು ಬೆಳಕು. "ನಾ ಹುಟ್ಟಿದ್ದು ಬೆಳದಿದ್ದು ಎಲ್ಲಾ ಇದರ ಬುಡದಾಗ. ಇಷ್ಟು ಎತ್ತರಲಿಂದ ಒಂದು ದಿನಾನೂ ನೋಡಿಲ್ಲ ನೋಡ್ರಿ. ಆ ನೀರಿನ ಟಾಕಿ ಹಿಂದ ನಮ್ಮ ಓಣಿ" ಎಂದು ಬೆರಳು ಮಾಡಿದಳು. ಬೆರಳು ಬಹಳ ಹೊತ್ತು ಅಲ್ಲೇ ಇತ್ತು. ಆಮೇಲೆ ಮುಖ ತೊಳೆದು ಬಂದು, "ಮದುವಿಗಂತ ಉಟ್ಟೀನಿ, ಈ ಸೀರಿ ನಾ ಬಿಚ್ಚಂಗಿಲ್ಲ. ನಡೀರಿ, ದೀಪ ಹತ್ತೂ ಹೊತ್ತಾತು" ಅಂದಳು.

ಅವತ್ತಿನ ಸಂಜೆ ಈಗಲೂ ನನಗೆ ಸರಿಯಾಗಿ ಒಂದರ ಹಿಂದೊಂದು ನೆನಪಾಗುವುದಿಲ್ಲ. ನೀರಿನಲ್ಲಿ ನೋಡಿದ ಊರಿನಂತೆ ತುಂಡು ತುಂಡಾಗಿ ಬರುತ್ತದೆ. ಕೆರೆಯ ಕಟ್ಟೆ, ಕಾಲೇಜಿನ ಹುಡುಗಿಯರ ನಗೆ, ಹುರಿಗಡಲೆಯವನ ಗಾಡಿಯ ಸಣ್ಣ ದೀಪ. ನಲಿನಿ ರಸ್ತೆಯಲ್ಲೇ ನಿಂತು ಬಿಸಿ ಮಾಲ್ಪುರಿ ತಿಂದಳು. "ಹುಡುಗಿ ಇದ್ದಾಗ ಹಿಂಗ ಬೀದ್ಯಾಗ ನಿಂತು ತಿಂದಿದ್ರ ಅಪ್ಪ ಕಾಲು ಮುರೀತಿದ್ರು" ಎಂದು ಬೆರಳಿನ ಪಾಕ ನೆಕ್ಕಿದಳು. ಬೇಸಿಗೆಯಲ್ಲಿ ಮಾಳಿಗೆಗೆ ನೀರು ಚಿಮುಕಿಸಿ, ಅದು ಹಬೆಯಾಡುವುದು ನಿಂತ ಮೇಲೆ ಹಾಸಿಗೆ ಹಾಸುತ್ತಿದ್ದದ್ದು, ಆಯಿ ಕತ್ತಲಲ್ಲೇ ಎಲ್ಲರ ತಲೆ ಎಣಿಸುತ್ತಿದ್ದದ್ದು, ಎಲ್ಲ ಹೇಳಿದಳು. ಅವಳಿಗೆ ಇಷ್ಟು ಮಾತು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಕಮಲಾಪುರದಲ್ಲಿ ಅವಳ ಮಾತೆಲ್ಲ ನಲ್ಲಿನೀರು ಬರುವ ಹೊತ್ತು, ಹಾಲು, ನನ್ನ ಟೊಪ್ಪಿಗೆ, ಇಷ್ಟರಲ್ಲೇ ಮುಗಿಯುತ್ತದೆ.

ಅವಳ ತವರುಮನೆ ಈಗ ಟ್ಯೂಷನ್ ಕ್ಲಾಸು. ಪಡಸಾಲೆಯಲ್ಲಿ ಟ್ಯೂಬ್‌ಲೈಟು, ಬೆಂಚು, ಯಾರೋ ಭೌತಶಾಸ್ತ್ರ ಹೇಳುತ್ತಿದ್ದರು. ನಾವು ಎದುರಿನ ಗೋಡೆಗೆ ನಿಂತೆವು. ಒಳಗೆ ಹೋಗೋಣವೇ ಅಂದೆ. ಬೇಡವೆಂದು ತಲೆಯಾಡಿಸಿದಳು. "ಆಯಿ ದಿನಾ ಇದಽ ಹೊತ್ತಿಗೆ ಆ ಬಾಗಲದಾಗ ದೀಪ ಇಡತಿದ್ದಳ್ರೀ" ಅಂದಳು. "ಇರ್ಲಿ. ಈಗೂ ಬೆಳಕಽ ಅದಲ್ಲ." ಒಳಗಿನ ಮಕ್ಕಳೆಲ್ಲ ಒಟ್ಟಿಗೆ ಏನೋ ಉತ್ತರ ಹೇಳಿದರು. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ನಡೆದಳು, ನಾನು ಹಿಂದೆ ಹಿಂದೆ.

ಗುಡಿಯಲ್ಲಿ ಆಗಬಾರದ್ದು ಆಯಿತು. ಕಂಬದ ಹತ್ತಿರ ಕೈಮುಗಿದು ತಿರುಗಿದರೆ ಎದುರಿಗೆ ಕಾಕಾನ ಸೊಸೆ. ನಲಿನಿಯನ್ನು ಮೇಲಿಂದ ಕೆಳಗೆ ನೋಡಿ ಬಾಯಿ ತೆರೆದಳು.

"ಅಯ್ಯ, ನಲಿನಿ ಅಕ್ಕಾರ! ಯಾವಾಗ ಬಂದ್ರಿ? ಏನ್ ರೇಷ್ಮಿ ಸೀರಿ ಉಟ್ಟೀರಿ! ಯಾರ ಮದುವಿ?"

ನಾನು ಗುಡಿಯ ತೊಲೆ ನೋಡಿದೆ. ನಮ್ಮಪ್ಪನ ವಿದ್ಯೆ ಇಂಥ ಹೊತ್ತಿಗೆ ಉಪಯೋಗಕ್ಕೆ ಬರುತ್ತದೆ.

"ನಮ್ಮದಽ" ಅಂದಳು ನಲಿನಿ.

"ಹಾಂ?"

"ನಾವು ಮದುವಿ ಆಗಿದ್ದು ನೆನಪಾತವ್ವ. ಗುಡಿಗೆ ಬಂದಿವಿ."

ಕಾಕಾನ ಸೊಸೆ ನಗುವುದೋ ಬಿಡುವುದೋ ತಿಳಿಯದೆ ಮನೆಗೆ ಬರಲೇಬೇಕು, ರೊಟ್ಟಿ ತಿಂದೇ ಹೋಗಬೇಕು ಎಂದಳು. "ಬಸ್ಸಿನ ಹೊತ್ತಾತು. ಮತ್ತೊಮ್ಮೆ ಬರ್ತೀವಿ" ಎಂದು ದೇವರೆದುರೇ ಸುಳ್ಳು ಹೇಳಿ ನಲಿನಿ ನನ್ನ ತೋಳು ಹಿಡಿದು ಎಳೆದಳು. ರಸ್ತೆಗೆ ಬಂದ ಮೇಲೆ ಇಬ್ಬರೂ ಶಾಲೆ ತಪ್ಪಿಸಿದ ಮಕ್ಕಳ ಹಾಗೆ ನಕ್ಕೆವು. ನಕ್ಕು ನಕ್ಕು ಅವಳಿಗೆ ಬಿಕ್ಕಳಿಕೆ ಬಂತು.

ಬೆಳಗಿನ ಜಾವ ಎಚ್ಚರವಾದಾಗ ನಲಿನಿ ಹಾಸಿಗೆಯಲ್ಲಿರಲಿಲ್ಲ. ಮೆಟ್ಟಿಲು ಹತ್ತಿ ಲಾಡ್ಜಿನ ಮಾಳಿಗೆಗೆ ಹೋದೆ. ಶಾಲು ಹೊದ್ದು ಕಟ್ಟೆಗೆ ಒರಗಿ ನಿಂತಿದ್ದಳು. ತೆಳ್ಳಗೆ ಚಳಿ. ರೋಜಾದ ಕಡೆಯಿಂದ ಬಾಂಗು ಕೇಳಿಸಿತು, ಅದು ಮುಗಿಯುವಷ್ಟರಲ್ಲಿ ಗುಡಿಯ ಗಂಟೆ. ದೂರದ ಗುಮ್ಮಟಗಳು ಮೊದಲು ಬೂದಿ ಬಣ್ಣ, ಆಮೇಲೆ ಹಾಲಿನ ಬಣ್ಣ. ಯಾವುದೋ ಮನೆಯಲ್ಲಿ ಒಗ್ಗರಣೆ ಸಿಡಿಯಿತು. ಅವಳು ಇಲ್ಲಿ ಯಾರ ಮಗಳೂ ಅಲ್ಲ, ಯಾರ ಸೊಸೆಯೂ ಅಲ್ಲ, ಅವಳಿಗಾಗಿ ಯಾರೂ ಒಲೆ ಹೊತ್ತಿಸಿಲ್ಲ, ಅವಳು ಯಾರಿಗೂ ಚಹಾ ಮಾಡಬೇಕಿಲ್ಲ. ಊರು ತನ್ನ ಪಾಡಿಗೆ ಬೆಳಗಾಗುತ್ತಿತ್ತು, ಅವಳು ನೋಡುತ್ತಿದ್ದಳು. ನಾನು ಅವಳನ್ನು ನೋಡುತ್ತಿದ್ದೆ. ಆ ಬೆಳಗು ಮುಗಿಯದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ನನ್ನಂಥ ಲೆಕ್ಕದ ಮಾಸ್ತರನಿಗೆ ಇಂಥ ಆಸೆ ಬರುವುದು ಅಪರೂಪ.

ಮಧ್ಯಾಹ್ನ ಕೋಣೆ ಬಿಡಬೇಕು. ನಲಿನಿ ಬಟ್ಟೆ ಮಡಚಿದಳು. ಒಂದು ಚಿಪ್ಪು ಹಣ್ಣು ಮ್ಯಾನೇಜರಿಗೆ ಕೊಟ್ಟಾಗಿತ್ತು. ಮೇಜಿನ ಮೇಲೆ ಇನ್ನೊಂದು ಚಿಪ್ಪು, ಖಣ, ಕಾಯಿ, ಅಕ್ಕಿ, ಎಲ್ಲ ಹಾಗೇ ಉಳಿದಿತ್ತು.

"ಇದನ್ನೇನು ಮಾಡೂದು?" ಅಂದೆ.

"ಉಡಿ ತುಂಬಲಿಕ್ಕೆ ತಂದ ಸಾಮಾನು ವಾಪಸ್ ಒಯ್ಯಬಾರದ್ರೀ. ಗುಡ್ಯಾಗರೆ ಕೊಟ್ಟು ಹೋಗೂಣು" ಎಂದು ಕೈ ಹಾಕಿದಳು. ಖಣದ ಅಂಚನ್ನು ಒಮ್ಮೆ ಸವರಿದಳು. ನಮ್ಮ ಕಡೆ ಹೆಣ್ಣುಮಕ್ಕಳು ತವರಿನಿಂದ ಹೊರಡುವಾಗ ಉಡಿ ತುಂಬಿಯೇ ಕಳಿಸುವುದು. ಆಯಿ ಹೋದ ಮೇಲೆ ನಲಿನಿ ಈ ಊರಿನಿಂದ ಹೊರಟಾಗಲೆಲ್ಲ ಅವಳ ಸೆರಗು ಬರಿದೇ ಇತ್ತು. ಅದನ್ನು ನಾನು ಅಲ್ಲಿ, ಆ ಮೇಜಿನ ಮುಂದೆ ನಿಂತಾಗ ಮೊದಲ ಸಲ ಕಂಡೆ.

"ಕೂಡು" ಅಂದೆ.

"ಎಲ್ಲಿ?"

"ಆ ಕುರ್ಚಿ ಮ್ಯಾಲ. ಮೂಡಲಕ್ಕ ಮುಖ ಮಾಡಿ."

ಅರ್ಥವಾದಾಗ ಅವಳು ಗಾಬರಿಯಾದಳು. "ನಿಮಗೇನ್ ಹುಚ್ಚ್ ಹಿಡದದೇನು? ಗಂಡಸರು ಉಡಿ ತುಂಬೂ ಪದ್ಧತಿ ಎಲ್ಲಿ ಅದ?"

"ತವರೂರಾಗ ಲಾಡ್ಜಿನ್ಯಾಗ ಇಳಿಯೂ ಪದ್ಧತಿ ಎಲ್ಲಿತ್ತು? ಕೂಡು."

ಕೂತಳು. ಸೆರಗು ಚಾಚಿದಳು. ನಾನು ಅಕ್ಕಿಗೆ ಕೈ ಹಾಕಿದೆ. ಹನುಮಪ್ಪನ ಪೂಜಾರಿಯ ಮಗ ನಾನು, ಪುರುಷಸೂಕ್ತ ಬಾಯಿಪಾಠ, ಆದರೆ ಇದಕ್ಕೆ ಕೈ ಹೇಗೆ ಹಿಡಿಯಬೇಕೆಂದು ತಿಳಿಯದು. ಅರ್ಧ ಅಕ್ಕಿ ಲಾಡ್ಜಿನ ನೆಲಕ್ಕೆ ಬಿತ್ತು. "ಒಂದ ಕೈಲೆ ಅಲ್ರೀ, ಬೊಗಸಿಲೆ" ಎಂದು ಅವಳು ನಗುತ್ತಲೇ ಹೇಳಿಕೊಟ್ಟಳು. "ಮೊದಲ ಅರಿಶಿನ ಕುಂಕುಮ ಹಚ್ಚಬೇಕಿತ್ತು. ಆತು, ಈಗ ಹಚ್ಚ್ರಿ." ಹಚ್ಚಿದೆ. ಬೊಗಸೆಯಿಂದ ಅಕ್ಕಿ ಹಾಕಿದೆ, ಖಣ ಇಟ್ಟೆ, ಕಾಯಿ ಇಟ್ಟೆ, ಕೆಂಬಾಳೆಯ ಚಿಪ್ಪನ್ನು ಅದರ ಮೇಲಿಟ್ಟೆ. ಸೆರಗು ಭಾರವಾದಂತೆ ಅವಳ ನಗು ಸಣ್ಣದಾಗುತ್ತ ಬಂತು.

"ಉಡಿ ತುಂಬಿದ ಮ್ಯಾಲ ಆಯಿ ಏನರೆ ಅಂತಿದ್ದಳೇನು?" ಕೇಳಿದೆ.

"ಹೂಂ" ಅಂದಳು. "ಪರತ ಯೇ ಗ ಅಂತಿದ್ದಳು. ಮತ್ತ ಬಾ ಅಂತ."

ನನ್ನ ಮರಾಠಿ ಕೇಳಿ ಸೋಲಾಪುರದ ಭಾವ ಇಂದಿಗೂ ನಗುತ್ತಾನೆ. ಇರಲಿ. ಅವಳ ತಲೆಯ ಮೇಲೆ ಕೈಯಿಟ್ಟೆ. "ಪರತ ಯೇ ಗ" ಅಂದೆ.

ನಲಿನಿ ಎರಡೂ ಕೈಯಲ್ಲಿ ಉಡಿ ಅವುಚಿಕೊಂಡು ಅತ್ತಳು. ನಿನ್ನೆ ಮಂಚದ ಅಂಚಿಗೆ ಕೂತು ಅತ್ತದ್ದೇ ಬೇರೆ, ಇದೇ ಬೇರೆ. ನಾನು ತೊಲೆ ನೋಡಲಿಲ್ಲ. ಅವಳನ್ನೇ ನೋಡಿದೆ.

ಹೊರಡುವಾಗ ಅವಳು ಮೇಜಿನ ಮೇಲಿದ್ದ ಸಾಬೂನನ್ನು ಚೀಲಕ್ಕೆ ಹಾಕಿಕೊಂಡದ್ದನ್ನು ನಾನು ಕಂಡಿರಲಿಲ್ಲ. ಬಸ್ಸಿನಲ್ಲಿ ಕಪನೂರ ಬಂದಾಗ ರೂಢಿಯಂತೆ ಬಾಯಿ ಮುಚ್ಚಿ ಕೂತೆ. ಅವಳು ಕಿಟಕಿಯ ಕಡೆ ತಿರುಗಲಿಲ್ಲ. "ಮನ್ಯಾಗ ಹಾಲ ಅದಾವೋ ಇಲ್ಲೋ" ಅಂತಲೂ ಅನ್ನಲಿಲ್ಲ. ಮಡಿಲಲ್ಲಿ ಗಂಟು ಹಿಡಿದು, ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು.

ಮನೆ ಸೇರಿ, ಕಾಲು ತೊಳೆದು, ದೇವರಿಗೆ ದೀಪ ಹಚ್ಚಿದ ಮೇಲೆ ನಲಿನಿ ಒಂದು ತಾಟಿನಲ್ಲಿ ಕೆಂಬಾಳೆ ಜೋಡಿಸಿಕೊಂಡು ಓಣಿಗೆ ಹೊರಟಳು. ತವರಿನಿಂದ ಬಂದ ಹೆಣ್ಣುಮಗಳು ತಂದದ್ದನ್ನು ನೆರೆಹೊರೆಗೆ ಹಂಚದೆ ತಿನ್ನುವುದಿಲ್ಲ. ಚಕ್ಕುಲಿಯೋ ಉಂಡೆಯೋ, ಬಾಗಿಲಿಗೊಂದಾದರೂ ಕೊಡಬೇಕು. ನಾನು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಪಕ್ಕದ ಮನೆಯ ಶಾಂತಾಬಾಯಿ ಹೊರಗೆ ಬಂದು ತಾಟು ನೋಡಿ ದಂಗಾದರು. ಅವರ ಹಿತ್ತಲಲ್ಲೇ ಕೆಂಬಾಳೆಯ ಗಿಡವಿದೆ.

"ಇದೇನ್ರೀ ವೈನಿ, ಕಮಲಾಪುರಕ್ಕ ಕೆಂಬಾಳಿ ತಂದೀರಿ?"

"ತವರಿಂದ ತಂದೀನ್ರೀ" ಅಂದಳು ನಲಿನಿ. "ನಿನ್ನಿ ಹೋಗಿದ್ದೆ. ಉಡಿ ತುಂಬಿ ಕಳಿಸ್ಯಾರ."

ಆಯಿಯ ಹದಿಮೂರನೆಯ ದಿನಕ್ಕೆ ನಮ್ಮ ಜೊತೆ ಕಲಬುರಗಿಗೆ ಬಂದವರು ಶಾಂತಾಬಾಯಿ. ಆಮೇಲೆ ಆ ಮನೆ ಕೈಬಿಟ್ಟದ್ದೂ ಅವರಿಗೆ ಗೊತ್ತು. ನಲಿನಿಯ ಮುಖ ನೋಡಿದರು, ಕಟ್ಟೆಯ ಮೇಲೆ ಕೂತ ನನ್ನನ್ನು ನೋಡಿದರು. ಸೆರಗನ್ನು ತಲೆಗೆಳೆದುಕೊಂಡು, ಎರಡೂ ಕೈಯಿಂದ ಆ ಹಣ್ಣು ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.